ಅಕ್ಕಗ, ಎಸೆನ್‌ದಿಂದ

ಎಸೆನ್, ಜರ್ಮನಿ
ಐತವಾರ

ಅಕ್ಕಾ,

ನಾ ಅರಾಮ ಅದೀನಿ, ನೀವೂ ಅರಾಮ ಇರ್ತೀರಿ ಅಂತ ತಿಳ್ಕೊಂಡೀನಿ. ನೀ ಬರ್ದು ಕಳಿಸಿದ್ದು ಓದಿದೆ. ಫೋನ್ ಹಚ್ಚಿದ್ರ ಅವ್ವ ಮಗ್ಗಲಕ್ಕ ಕುಂತಿರ್ತಾಳ, ಬಾಯಿಬಿಟ್ಟು ಕೇಳಾಕ ಆಗೂದಿಲ್ಲ. ಅದಕ್ಕ ಇಷ್ಟುದ್ದ ಬರ್ದು ವಾಟ್ಸಾಪಿಗೆ ಹಾಕಾಕ ಹತ್ತೀನಿ. ಒಬ್ಬಾಕೀನ ಇದ್ದಾಗ ಓದು.

ಮೊದಲ ಸಣ್ಣಕಾಕಾನ ಮಾತು ಮುಗಸ್ತೀನಿ. ನನ್ನ ಸ್ಟೇಟಸ್‌ದಾಗ ಆಟದ ಎಲಿ, ಗ್ಲಾಸು ಕಂಡು, 'ಹುಡುಗ ಜರ್ಮನ್ಯಾಗ ಅಂದರ್-ಬಾಹರ್ ಆಡಾಕ ಹತ್ತ್ಯಾನ' ಅಂತ ಬೀಳಗಿ ಬಸ್‌ಸ್ಟ್ಯಾಂಡಿನ ಚಾದಂಗಡಿ ತನಕಾ ಮುಟ್ಟಿಸ್ಯಾನಂತ. ಆ ಎಲ್ಯಾಗ ರಾಜಾ, ರಾಣಿ, ಎಕ್ಕಾ ಒಂದೂ ಇಲ್ಲ, ತೋಳ ಅದಾವ ಅಂತ ಹೇಳು. ಆಟದ ಹೆಸರು ವೇರ್‌ವುಲ್ಫ್, ಅಂದ್ರ ತೋಳ ಆಗೂ ಮನುಷ್ಯಾ. ಒಂದ ಪೈಸಾನೂ ಕಟ್ಟೂದಿಲ್ಲ. ಗ್ಲಾಸಿನ್ಯಾಗ ಇದ್ದದ್ದು ಸೋಡಾ ಕೂಡಿಸಿದ ಸೇಬಿನ ರಸ. ಅದರ ಬಣ್ಣಾನ ಹಂಗ, ನಾ ಏನ ಮಾಡ್ಲಿ?

ಮಂದಿ ಹೆಚ್ಚಿದ್ದಷ್ಟೂ ಆಟ ರಂಗೇರತೈತಿ; ಡಬ್ಬಿ ಮ್ಯಾಲ 8ರಿಂದ 18 ಮಂದಿ ಅಂತ ಬರದೈತಿ. ಆಟ ನಡಸಾಂವ ಒಬ್ಬೊಬ್ಬರ ಮುಂದ ಒಂದೊಂದ ಎಲಿ ಬೋರಲ ಇಡ್ತಾನ. ಭಾಳ ಮಂದಿ ಊರವರು, ಎರಡ ಮೂರ ಮಂದಿ ತೋಳ. 'ರಾತ್ರಿ ಆತು' ಅಂದ ಕೂಡ್ಲೆ ಎಲ್ಲಾರೂ ಕಣ್ಣ ಮುಚ್ಚಬೇಕು. ತೋಳಗೋಳಷ್ಟ ಕಣ್ಣ ತಗದು, ಪಿಟ್ಟ ಅನ್ನದ, ಯಾರನ್ನ ತಿನ್ನೂದಂತ ಬೆರಳಲೆ ತೋರಸ್ತಾವ. ಕಣಿ ಹೇಳಾಕಿಗೆ ರಾತ್ರಿಗೊಬ್ಬರ ಎಲಿ ನೋಡೂ ಹಕ್ಕು. ಮಾಟಗಾತಿ ಹತ್ರ ಎರಡ ಔಷಧ, ಒಂದು ಬದುಕಸೂದು, ಒಂದು ಕೊಲ್ಲೂದು. ಬೆಳಗಾದ್ರ ಸತ್ತವರ ಹೆಸರ ಹೇಳ್ತಾರ. ಉಳದವರು ಬಾಯಿ ಮಾಡಿ, ಕೈ ಎತ್ತಿ, ಇಂವನ ತೋಳ ಅಂತ ಸಂಶೇ ಬಂದ ಒಬ್ಬಾಂವನ್ನ ಗಲ್ಲಿಗೇರಸ್ತಾರ. ಹೆಚ್ಚಾಗಿ ಸಾಯಾಂವ ಪಾಪದಂವ. ಗುಡಿಕಟ್ಟಿ ಪಂಚಾಯ್ತಿ ನೋಡಿ ಬೆಳದಂವಗ ಇದರಾಗ ಹೊಸಾದೇನ ಕಾಣ್ಲಿಲ್ಲ.

ಇದನ್ನ 1986ರಾಗ ಮಾಸ್ಕೋ ವಿಶ್ವವಿದ್ಯಾಲಯದಾಗ ಮನಶ್ಶಾಸ್ತ್ರ ಓದತಿದ್ದ ದಿಮಿತ್ರಿ ಡೇವಿಡಾಫ್ ಕಟ್ಟಿದ್ದು. ಆವಾಗ ಹೆಸರು ಮಾಫಿಯಾ. 1997ರಾಗ ಅಮೆರಿಕಾದ ಆಂಡ್ರ್ಯೂ ಪ್ಲಾಟ್ಕಿನ್ ಅದರಾಗ ತೋಳ ತಂದ. ಕಾಕಾಗ ಇಷ್ಟೂ ಹೇಳು, 'ವಿಶ್ವವಿದ್ಯಾಲಯ' ಅನ್ನೂದನ್ನ ತುಸು ಜೋರ ಹೇಳು. ಈ ಎಸೆನ್‌ದಾಗ 1983ರಿಂದ ಅಕ್ಟೋಬರ್ ಬಂದ್ರ ಆಟದ ಮೇಳಾನ ಕೂಡ್ತೈತಿ. ಗಡ್ಡ ಬೆಳ್ಳಗಾದವರು ಚೀಲ ತುಂಬ ಡಬ್ಬಿ ಹೊತ್ತು ಟ್ರಾಮ್ ಹತ್ತತಾರ. ಐತವಾರ ಅಂಗಡಿ ಬಂದ್. ಖಾಲಿ ಬಾಟ್ಲಿ ಕಸದ ಡಬ್ಬಿಗೆ ಹಾಕೂದೂ ಬಂದ್, ಸಪ್ಪಳ ಆಗ್ತೈತಂತ! ಮನುಷ್ಯಾ ತೋಳ ಆಗದ ಏನ ಮಾಡ್ಯಾನು?

ಆದ್ರ ಆಡಿ ಆಡಿ ನನಗೊಂದು ಚಟ ಹತ್ತೈತಿ. ಯಾರು ಯಾವ ಮಾತು ಎಳದ ಎಳದ ಹೇಳ್ತಾರ, ಯಾವುದನ್ನ ಲಗೂನ ದಾಟಸ್ತಾರ ಅಂತ ನೋಡೂದು. ನೀ ಕಾಕಾನ ಸುದ್ದಿ ಉದ್ದಾನುದ್ದ ಬರದಿ. ಕಟ್ಟಕಡೀಕ ಒಂದ ಸಾಲು: 'ಅಪ್ಪನ ಹೆಬ್ಬೆರಳಿಗೆ ತುಸು ಗಾಯ ಆಗೈತಿ, ನೋವೇನಿಲ್ಲಂತ.' ನೋವಿಲ್ಲ ಅನ್ನೂದಕ್ಕ ನನಗ ಚಿಂತಿ. ಸಕ್ಕರಿ ಬ್ಯಾನ್ಯಾಗ ನರ ಸತ್ತು ಗಾಯ ಗೊತ್ತಾಗೂದಿಲ್ಲ, ರಕ್ತಾನೂ ಬರೋಬರಿ ಹರಿಯೂದಿಲ್ಲ, ಒಳಗಿಂದೊಳಗ ಕೊಳೀತೈತಿ. ಮೊನ್ನಿ ವಿಡಿಯೋದಾಗ ಅಪ್ಪ ಹೊರಸಿನ ಮ್ಯಾಲ ಕುಂತಿದ್ದ, ಕಾಲ ಮ್ಯಾಲ ಕೌದಿ. ಏಪ್ರಿಲ್‌ದಾಗ, ನಮ್ಮೂರ ಬಿಸಲಾಗ, ಕೌದಿ ಯಾಕ ಅಕ್ಕಾ?

ಗಾಯ ಕರ್ರಗ ಆಗೈತೇನು? ವಾಸನಿ ಬರ್ತೈತೇನು? ಸಕ್ಕರಿ ಎಷ್ಟೈತಿ? ಅರಿಷಿಣ ಮೆತ್ತಬ್ಯಾಡ್ರಿ. ಬರಿಗಾಲಲೆ ಕಬ್ಬಿಗೆ ನೀರ ಹಾಯಸಾಕ ಬಿಡಬ್ಯಾಡ್ರಿ. ನಾಳೆನ ಬಾಗಲಕೋಟಿಗೆ ಕರ್ಕೊಂಡ ಹೋಗು, ಅಲ್ಲಿ ಆಗೂದಿಲ್ಲ ಅಂದ್ರ ಬೆಳಗಾವಿ ಕೆ.ಎಲ್.ಇ. ದವಾಖಾನಿಗೆ. ರೊಕ್ಕ ನಿನ್ನ ಖಾತೇಕ್ಕ ಹಾಕೀನಿ. ಅಪ್ಪ ಕೇಳಿದ್ರ ಕಬ್ಬಿನ ಬಿಲ್ ಬಂತು ಅನ್ನು.

ನನ್ನ ಚಿಂತಿ ಏನೂ ಬ್ಯಾಡ. ಊಟ ಛಲೋ, ನಿದ್ದಿ ಛಲೋ, ಕೆಲಸ ಗಟ್ಟಿ, ಥಂಡಿ ಅನಸೂದಾ ಇಲ್ಲ, ಜ್ವಾಳದ ಹಿಟ್ಟೂ ಇನ್ನೂ ಐತಿ, ಖರೇನ ಐತಿ. ಟ್ರಾಮ್ ಬರೂ ಹೊತ್ತಾತು. ಅವ್ವಗ ತೋಳದ ಮಾತಷ್ಟ ಓದಿ ಹೇಳು. ಗಾಯದ ಫೋಟೋ ಇವತ್ತ ಕಳಸು, ಹತ್ತರಿಂದ ತಗದದ್ದು.

ನಿನ್ನ ತಮ್ಮ