ಒಂದು ಬಾಗಿಲಿಗೆ ಎರಡು ಬೀಗ

ಮಾನ್ಯರೆ,

ನಮ್ಮ ಮನೆಯ ಮೂರು ತಲೆಮಾರಿನ ಮದುವೆಗಳಿಗೆ ರೇಷ್ಮೆ ಸೀರೆ ಕೊಟ್ಟಿದ್ದ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದು ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಬಾಗಿಲು ಹಾಕಿದೆ. ಅದರ ಮುಂದೆ ನಿಂತಾಗ ನನಗೆ ಇಟಲಿಯ ಗುಚಿ ಮನೆತನ ನೆನಪಾಯಿತು.

ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ದುಡಿಯುತ್ತ ಸಿರಿವಂತರ ಪೆಟ್ಟಿಗೆಗಳನ್ನು ಕಣ್ತುಂಬಿಕೊಂಡ ಗುಚಿಯೊ ಗುಚಿ, 1921ರಲ್ಲಿ ಫ್ಲಾರೆನ್ಸಿನಲ್ಲಿ ಚರ್ಮದ ಸಾಮಾನಿನ ಅಂಗಡಿ ತೆರೆದ. ಯುದ್ಧಾನಂತರ ಸಾಮಗ್ರಿಗೆ ಬರ ಬಂದಾಗ, 1947ರಲ್ಲಿ, ಅಲ್ಲಿನ ಕುಶಲಕರ್ಮಿಗಳು ಬಿದಿರನ್ನು ಕಾಯಿಸಿ ಬಾಗಿಸಿ ಕೈಚೀಲಕ್ಕೆ ಹಿಡಿ ಮಾಡಿದರು. ಜಗತ್ತೇ ಮರುಳಾಯಿತು. ನಮ್ಮ ಮಲೆನಾಡಿನ ಮೇದರು ಕೇಳಿದರೆ ‘ಇದೇನು ಮಹಾ’ ಎಂದಾರು. ಅವರ ಬುಟ್ಟಿಗೆ ನಾವು ಇಂದಿಗೂ ಹತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ.

ಗುಚಿಯೊನ ಮಗ ಆಲ್ಡೊ ವ್ಯಾಪಾರವನ್ನು ಅಮೆರಿಕಕ್ಕೆ ಒಯ್ದ. ಅವನ ತೆರಿಗೆ ವಂಚನೆಯ ಸುಳಿವು ಕೊಟ್ಟವನು ಸ್ವಂತ ಮಗ ಪಾವ್ಲೊ! 1986ರಲ್ಲಿ, 81ರ ವಯಸ್ಸಿನಲ್ಲಿ, ಆಲ್ಡೊನಿಗೆ ಜೈಲು ಶಿಕ್ಷೆಯಾಯಿತು. ಅವನ ತಮ್ಮನ ಮಗ ಮೌರಿಟ್ಸಿಯೊ 1993ರಲ್ಲಿ ತನ್ನ ಪಾಲನ್ನೂ ಬಹರೇನಿನ ಹೂಡಿಕೆ ಸಂಸ್ಥೆ ಇನ್ವೆಸ್ಟ್‌ಕಾರ್ಪ್‌ಗೆ ಮಾರಿದ. ಅಲ್ಲಿಗೆ ಅಂಗಡಿ ಮನೆತನದ ಕೈತಪ್ಪಿತು. 1995ರಲ್ಲಿ ಅವನ ಕೊಲೆಯಾಯಿತು. ಸುಪಾರಿ ಕೊಟ್ಟವಳು ವಿಚ್ಛೇದಿತ ಪತ್ನಿಯೆಂದು ನ್ಯಾಯಾಲಯ ತೀರ್ಮಾನಿಸಿತು. ಜನ ಆ ಕೊಲೆಯನ್ನೇ ಚಪ್ಪರಿಸಿ ಹೇಳುತ್ತಾರೆ. ನನಗೆ ಮಾತ್ರ ಅಪ್ಪನ ಮೇಲೆ ಮಗ ದೂರಿತ್ತದ್ದೇ ಹೆಚ್ಚು ಭಯಂಕರವೆನಿಸುತ್ತದೆ.

ನಮ್ಮ ಬಜಾರಿನ ಅಂಗಡಿಯ ಫಲಕವನ್ನು ಇನ್ನೂ ಇಳಿಸಿಲ್ಲ. ಬಾಗಿಲಿಗೆ ಬೀಗ ಮಾತ್ರ ಎರಡು, ಅಣ್ಣನದೊಂದು, ತಮ್ಮನದೊಂದು.

– ಒಬ್ಬ ಓದುಗ, ತೀರ್ಥಹಳ್ಳಿ