ಶನಿವಾರದ ಕಛೇರಿಯ ಸುದ್ದಿ ಶನಿವಾರಕ್ಕೆ ಮುಂಚೆ ಬರಲಿ

ಮಾನ್ಯರೇ,

ಈ ಶನಿವಾರ ಸಂಜೆ ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ, ಅಂಗಡಿಗಳ ಮೇಲಿನ ಒಂದು ಪುಟ್ಟ ಹಾಲ್‌ನಲ್ಲಿ ಜಾಝ್ ಫ್ಯೂಷನ್ ಕಛೇರಿ ಇದೆ, ಅಂದರೆ ಅಮೆರಿಕದ ಜಾಝ್ ಜೊತೆ ನಮ್ಮ ಸಂಗೀತ ಬೆರೆಸಿದ್ದು. ನೂರು ಕುರ್ಚಿ ಹಾಕಿದರೆ ಕಾಲಿಡಲು ಜಾಗ ಇರಲ್ಲ, ಅಷ್ಟು ಪುಟ್ಟದು. ಬೆಂಗಳೂರಿನಿಂದ ಐದು ಜನ ಬರುತ್ತಿದ್ದಾರೆ. ಸ್ಯಾಕ್ಸೋಫೋನ್, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್, ಜೊತೆಗೆ ಮೃದಂಗ. ಇದು ನನಗೆ ಗೊತ್ತಾಗಿದ್ದು ಪೇಪರಿನಿಂದ ಅಲ್ಲ, ಜೆರಾಕ್ಸ್ ಅಂಗಡಿಯ ಗಾಜಿಗೆ ಅಂಟಿಸಿದ್ದ ಒಂದು ಹಾಳೆಯಿಂದ. ಊರಿನ ಸಂಗೀತದ ಸುದ್ದಿ ಯಾವಾಗಲೂ ಮಾರನೇ ದಿನ ಬರುತ್ತದೆ. ಅದೂ ದೀಪ ಬೆಳಗಿಸುವ ಫೋಟೊ, ಹಾಡಿದವರ ಹೆಸರು ಕೊನೇ ಸಾಲಿನಲ್ಲಿ. ಊಟ ಮುಗಿದ ಮೇಲೆ ಕರೆಯೋಲೆ ಕೊಟ್ಟ ಹಾಗೆ.

"ಅದೆಲ್ಲ ಬೆಂಗಳೂರಿನವರಿಗೆ, ನಮಗೆಲ್ಲಿ ಅರ್ಥ ಆಗುತ್ತೆ" ಅಂದರು ಒಬ್ಬರು, ಬೆಳಿಗ್ಗೆ ಹಾಲು ತರಲು ಹೋದಾಗ. ಯಾಕೆ ಆಗಲ್ಲ ಸ್ವಾಮಿ? ಕರ್ನಾಟಕ ಸಂಗೀತದ ದೊಡ್ಡ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ ಇರುವುದು ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ ಅಲ್ವಾ? ಜಾಝ್‌ನಲ್ಲಿ ಸಾಮಾನ್ಯವಾಗಿ ಮೊದಲು ಎಲ್ಲರೂ ಸೇರಿ ಒಂದು ಟ್ಯೂನ್ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೇ ಅದನ್ನು ಆ ಕ್ಷಣಕ್ಕೆ ತೋಚಿದ ಹಾಗೆ ಬೆಳೆಸುತ್ತಾ ಹೋಗುತ್ತಾರೆ, ಕೊನೆಗೆ ಮತ್ತೆ ಎಲ್ಲರೂ ಅದೇ ಟ್ಯೂನಿಗೆ ಬಂದು ಸೇರುತ್ತಾರೆ. ನಮ್ಮ ಕಛೇರಿಗಳಲ್ಲಿ ಕಲ್ಪನಾಸ್ವರ, ಅಂದರೆ ಆಗಲೇ ಹೊಳೆದ ಸ್ವರಗಳನ್ನು ಹಾಡಿ, ಸರಿಯಾಗಿ ಎಡುಪಿಗೆ (ಸಾಲು ಶುರುವಾಗುವ ತಾಳದ ಜಾಗಕ್ಕೆ) ಬಂದು ನಿಲ್ಲುವುದನ್ನು ಕೇಳಿದವರಿಗೆ ಇದೇನು ಹೊಸದಲ್ಲ. ಬೇರೆ ಇರುವುದು ಕಾರ್ಡ್‌ಗಳಲ್ಲಿ (chord), ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದರಲ್ಲಿ. ನಮ್ಮ ತಂಬೂರಿ ಒಂದೇ ಶ್ರುತಿ ಹಿಡಿದು ಕೂತಿರುತ್ತದೆ, ಅವರಲ್ಲಿ ಹಿಂದಿನ ಕಾರ್ಡ್ ಬದಲಾಗುತ್ತಾ ಇರುತ್ತದೆ, ಹಾಗಾಗಿ ಅದೇ ಸ್ವರ ಒಮ್ಮೆ ಹಿತ, ಇನ್ನೊಮ್ಮೆ ಒಗರು. ಮೊದಲ ಹತ್ತು ನಿಮಿಷ ಕಿವಿ ತಡವರಿಸುತ್ತದೆ, ಅಷ್ಟೇ.

ಸ್ಯಾಕ್ಸೋಫೋನ್ ಅಂತೂ ನಮ್ಮ ಮದುವೆ ಮನೆಗಳಲ್ಲೇ ಕೇಳುತ್ತದೆ. ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದರು. ಆ ವಾದ್ಯದಲ್ಲಿ ಗಮಕ (ಸ್ವರವನ್ನು ತೂಗಿ ಜಾರಿಸುವುದು) ಹೊರಡಿಸಲು ವರ್ಷಗಟ್ಟಲೆ ಒದ್ದಾಡಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೆ ಹೋದರು. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಜೊತೆ 2008ರಲ್ಲಿ ಅವರದೊಂದು ಆಲ್ಬಂ ಬಂತು. ಹೆಸರು ಕೇಳಿದರೆ ಪಕ್ಕದ ಬೀದಿಯವರು ಅನ್ನಿಸಲ್ವಾ? ಜಾಝ್ ಮತ್ತು ನಮ್ಮ ಸಂಗೀತ ಬೆರೆಸಿದ 'ಶಕ್ತಿ' ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ಗಿಟಾರಿನ ಪಕ್ಕ ವಿಕ್ಕು ವಿನಾಯಕರಾಂ ಘಟ ಕೂತಿದ್ದು 1970ರ ದಶಕದಲ್ಲೇ. ಇನ್ನೂ ಇದನ್ನು ಹೊಸ ಫ್ಯಾಷನ್ ಅನ್ನುವುದು ಸುಮ್ನೆ ನೆಪ.

ಇನ್ನು ಸಂಘಟಕರಿಗೆ ಒಂದು ಮಾತು. ಎರಡು ವರ್ಷದ ಹಿಂದೆ ಇದೇ ಊರಿನ ಒಂದು ಕಾರ್ಯಕ್ರಮಕ್ಕೆ ಆರು ಗಂಟೆಗೆ ಹೋಗಿ ಕೂತಿದ್ದೆ. ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ, ನಡುವೆ ತಡವಾಗಿ ಬಂದ ಗಣ್ಯರಿಗೆ ಮತ್ತೊಂದು ಸಲ ಸ್ವಾಗತ, ಇಷ್ಟೆಲ್ಲ ಮುಗಿದು ಮೊದಲ ಸ್ವರ ಕೇಳಿದಾಗ ಎಂಟು ದಾಟಿತ್ತು. ಹೊಳೆನರಸೀಪುರದ ಕಡೆಯಿಂದ ಬಂದಿದ್ದ ಹುಡುಗರು ಅರ್ಧಕ್ಕೇ ಎದ್ದು ಬಸ್ಸಿಗೆ ಓಡಿದರು. ಈ ಸಲ ಹಾಗೆ ಮಾಡಬೇಡಿ. ಆ ಪುಟ್ಟ ಹಾಲ್‌ಗೆ ಗಣಪತಿ ಮೆರವಣಿಗೆಯ ಸ್ಪೀಕರ್ ಕೂಡ ತರಬೇಡಿ, ಡ್ರಮ್ಸ್ ಅಬ್ಬರದಲ್ಲಿ ಮೃದಂಗ ಮುಳುಗಿಹೋಗುತ್ತದೆ.

ಟಿಕೆಟ್ 200 ರೂಪಾಯಿ. ಪಾಸ್ ಇದೆಯಾ ಅಂತ ಕೇಳುವವರು ನಮ್ಮಲ್ಲಿ ಜಾಸ್ತಿ, ನಾನೂ ಕೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಬೆಂಗಳೂರಿನಿಂದ ಅಷ್ಟು ಸಾಮಾನು ಹೊತ್ತು ಬರುವವರಿಗೆ ಡೀಸೆಲ್ ಖರ್ಚಾದರೂ ಹುಟ್ಟಬೇಕಲ್ಲ.

ಸಂಪಾದಕರೇ, ದಯವಿಟ್ಟು ಇದನ್ನು ಶುಕ್ರವಾರದೊಳಗೆ ಹಾಕಿ. ಭಾನುವಾರ ಹಾಕುವುದಾದರೆ ಬೇಡವೇ ಬೇಡ.

– ಒಬ್ಬ ಓದುಗ, ಹಾಸನ