ವಾಲ್ವ್ ಆಂಪ್ಲಿಫೈಯರ್: ಥಿಯರಿ ಬೇಡ ಅನ್ನಬೇಡಿ

ಮಾನ್ಯ ಸಂಪಾದಕರೇ,

ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳಿಂದ ದನಿ ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಈ ವಿಷಯಕ್ಕೆ ಕನ್ನಡದಲ್ಲಿ ಒಂದಿಡೀ ಪುಟ ಸಿಕ್ಕಿತಲ್ಲ ಎಂದು ತುಂಬ ಖುಷಿಯಾಯಿತು. ಆದರೆ ಅದರಲ್ಲಿನ ಒಂದು ಮಾತು ನಾಲ್ಕು ದಿನದಿಂದ ನನ್ನನ್ನು ಕಾಡುತ್ತಿದೆ. ಥಿಯರಿಗೆ ಹೆದರಬೇಡಿ, ಅದು ಬೇಕಾಗಿಯೂ ಇಲ್ಲ, ಚಿತ್ರ ನೋಡಿಕೊಂಡು ಬೆಸುಗೆ ಹಾಕಿದರೆ ಸಾಕು ಅನ್ನುವ ಅರ್ಥದ ಮಾತು. ಹೆದರಬೇಡಿ ಅಂದದ್ದು ಸರಿ. ಬೇಕಾಗಿಲ್ಲ ಅಂದದ್ದು ಸರಿಯಲ್ಲ. ಈ ಎರಡನೆಯದನ್ನು ನಂಬಿಕೊಂಡು ಕೆಲಸಕ್ಕೆ ಕೂತವನು ನಾನು. ಅದಕ್ಕೇ ಈ ಪತ್ರ.

ನಾನು 31 ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದೆ. ಪೆನ್ಸಿಲ್, ಸ್ಕೇಲ್, ಸೆಟ್‌ಸ್ಕ್ವೇರ್ ಹಿಡಿದು ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕೆಲಸ. ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಚಿಕ್ಕಂದಿನಲ್ಲಿ ಕೇಳಿದ್ದ ವಾಲ್ವ್ ರೇಡಿಯೋದ ದನಿ ಕಿವಿಯಲ್ಲಿ ಉಳಿದಿತ್ತು. ನಿವೃತ್ತಿಯಾದ ಮೇಲೆ ಅಂಥದ್ದೊಂದನ್ನು ನಾನೇ ಕಟ್ಟಬೇಕು ಅನ್ನಿಸಿತು.

ಒಂದು ಸರ್ಕ್ಯೂಟ್ ಚಿತ್ರ ಸಿಕ್ಕಿತು. ಮೊದಲ ಹಂತಕ್ಕೆ 12ಎಎಕ್ಸ್7 ಅನ್ನುವ ವಾಲ್ವ್, ಸ್ಪೀಕರ್ ನಡೆಸಲು ಇಎಲ್84 ಅನ್ನುವ ಇನ್ನೊಂದು. ಚಿತ್ರದಲ್ಲಿದ್ದಂತೆಯೇ ಒಂದೊಂದೂ ಜೋಡಿಸಿದೆ. ಸ್ವಿಚ್ ಹಾಕಿದೆ, ವಾಲ್ವ್ ಕೆಂಪಗೆ ಬೆಳಗಿತು, ಹಾಡೂ ಬಂತು. ಆದರೆ ಬರಬೇಕಾದಷ್ಟು ದನಿ ಇಲ್ಲ. ವಾಲ್ಯೂಮ್ ಕೊನೆಯವರೆಗೆ ತಿರುಗಿಸಿದರೂ ಅಷ್ಟೇ. ವಾಲ್ವ್ ಹಳೆಯದಾಗಿರಬೇಕು ಅಂತ ಬೇರೆ ಹಾಕಿದೆ. ಅದೂ ಅಷ್ಟೇ. ಮತ್ತೊಂದು ತರಿಸಿದೆ. ಮೂರು ವಾಲ್ವ್ ಬದಲಾದವು, ದನಿ ಬದಲಾಗಲಿಲ್ಲ. ಚಿತ್ರವನ್ನು ಎಷ್ಟು ಸಲ ನೋಡಿದರೂ ಎಲ್ಲ ಸರಿಯಾಗೇ ಇದೆ. ಎಲ್ಲಿ ಹುಡುಕಬೇಕು ಅನ್ನುವುದೇ ಗೊತ್ತಿರಲಿಲ್ಲ. ಚಿತ್ರ ಹೇಗೆ ಜೋಡಿಸಬೇಕು ಅಂತ ಹೇಳುತ್ತದೆ. ತಪ್ಪಿದರೆ ಏನು ನೋಡಬೇಕು ಅಂತ ಹೇಳುವುದಿಲ್ಲ, ಅಲ್ವಾ?

ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು ಓದಲು ಕೂತೆ. ಮೊದಲ ತಿಂಗಳು ಸೂತ್ರಗಳ ಹಿಂದೆ ಹೋದೆ, ತಲೆಗೆ ಹತ್ತಲಿಲ್ಲ. ಆಮೇಲೆ ಒಂದು ದಿನ 12ಎಎಕ್ಸ್7ರ ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರು ಕೊಡುವ ವಿವರದ ಹಾಳೆಯಲ್ಲಿ, ಇದ್ದ ಗ್ರಾಫ್ ಕಣ್ಣಿಗೆ ಬಿತ್ತು. ಪಕ್ಕಪಕ್ಕದಲ್ಲಿ ಬಾಗಿ ಮೇಲಕ್ಕೇರುವ ಏಳೆಂಟು ಗೆರೆಗಳು. ಇದು ನನ್ನ ಕೈಗೆ ಬರುವ ವಿದ್ಯೆ ಅನ್ನಿಸಿತು. ಅದನ್ನು ದೊಡ್ಡ ಹಾಳೆಗೆ ಪ್ರಿಂಟ್ ಮಾಡಿಸಿ ಗೋಡೆಗೆ ಅಂಟಿಸಿದೆ.

ಮೊದಲು ವಾಲ್ವ್ ಒಳಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಒಳಗಿನ ಬಿಸಿ ತಂತಿ, ಅಂದರೆ ಹೀಟರ್, ಕಾದಾಗ ಕ್ಯಾಥೋಡ್ ಅನ್ನುವ ಲೋಹದ ಕೊಳವೆಯ ಮೇಲಿನ ಲೇಪದಿಂದ ಎಲೆಕ್ಟ್ರಾನ್‌ಗಳು ಹೊರಗೆ ಬರುತ್ತವೆ. ದೂರದಲ್ಲಿರುವ ಆನೋಡ್ ಅನ್ನುವ ಲೋಹದ ತಗಡಿಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟಿರುವುದರಿಂದ ಅವು ಆ ಕಡೆ ಓಡುತ್ತವೆ. ನಡುವೆ, ಕ್ಯಾಥೋಡ್‌ಗೆ ತೀರಾ ಹತ್ತಿರ, ಸಣ್ಣ ತಂತಿಯ ಸುರುಳಿ ಇದೆ. ಅದು ಗ್ರಿಡ್. ಹತ್ತಿರ ಇರುವುದರಿಂದ ಅದರ ಮಾತು ಜಾಸ್ತಿ ನಡೆಯುತ್ತದೆ. 12ಎಎಕ್ಸ್7ರಲ್ಲಿ ಆನೋಡ್ ವೋಲ್ಟೇಜನ್ನು 100 ವೋಲ್ಟ್ ಬದಲಿಸಿದರೆ ಕರೆಂಟ್ ಎಷ್ಟು ಬದಲಾಗುತ್ತದೋ, ಗ್ರಿಡ್‌ನಲ್ಲಿ ಬರೀ 1 ವೋಲ್ಟ್ ಬದಲಿಸಿದರೂ ಅಷ್ಟೇ ಬದಲಾಗುತ್ತದೆ. ಈ ವಾಲ್ವಿನ ಮ್ಯೂ 100 ಅನ್ನುವುದರ ಅರ್ಥ ಇಷ್ಟೇ.

ಈಗ ಆ ಗ್ರಾಫಿಗೆ ಬನ್ನಿ. ಕೆಳಗಡೆ ಆನೋಡ್ ವೋಲ್ಟೇಜ್, ಎಡಗಡೆ ಕರೆಂಟ್. ಒಂದೊಂದು ಬಾಗಿದ ಗೆರೆಯೂ ಒಂದೊಂದು ಗ್ರಿಡ್ ವೋಲ್ಟೇಜಿನದು. ನನ್ನ ಸರ್ಕ್ಯೂಟ್‌ನಲ್ಲಿ ಸಪ್ಲೈ 250 ವೋಲ್ಟ್, ಆನೋಡ್‌ಗೆ ಕರೆಂಟನ್ನು ತಡೆಯುವ 100 ಕಿಲೋಓಮ್ ರೆಸಿಸ್ಟರ್. ಕರೆಂಟ್ ಹರಿಯದೇ ಇದ್ದರೆ ರೆಸಿಸ್ಟರ್‌ನಲ್ಲಿ ಏನೂ ಬೀಳುವುದಿಲ್ಲ, ಆನೋಡ್‌ನಲ್ಲಿ ಪೂರ್ತಿ 250 ಇರುತ್ತದೆ. ಕೆಳಗೆ 250ರ ಹತ್ತಿರ ಒಂದು ಚುಕ್ಕೆ ಇಡಿ. ಆನೋಡ್ ಸೊನ್ನೆಗೆ ಇಳಿಯಿತು ಅಂದುಕೊಂಡರೆ 250 ವೋಲ್ಟೂ ರೆಸಿಸ್ಟರ್ ಮೇಲೆಯೇ ಬೀಳಬೇಕು. ಆಗ ಕರೆಂಟ್ 2.5 ಮಿಲಿಆಂಪ್. ಎಡಗಡೆ 2.5ರಲ್ಲಿ ಇನ್ನೊಂದು ಚುಕ್ಕೆ. ಸ್ಕೇಲ್ ಇಟ್ಟು ಎರಡನ್ನೂ ಸೇರಿಸಿ. ಇದೇ ಲೋಡ್ ಲೈನ್. ವಾಲ್ವ್ ಏನೇ ಮಾಡಿದರೂ ಈ ಗೆರೆಯ ಮೇಲೆಯೇ ಓಡಾಡಬೇಕು. ಓಮ್‌ನ ನಿಯಮ (ವೋಲ್ಟೇಜನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ ಕರೆಂಟ್) ಒಂದು ಗೊತ್ತಿದ್ದರೆ ಸಾಕು, ಬೇರೆ ಗಣಿತ ಬೇಡ.

ಆ ಗೆರೆ ಎಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟೊಂದು ವಿಷಯ ಅದರಲ್ಲಿ! ಗ್ರಿಡ್ ಮೈನಸ್ 1 ಮತ್ತು ಮೈನಸ್ 1.5 ವೋಲ್ಟ್‌ನ ಗೆರೆಗಳು ಅದನ್ನು ದಾಟುವ ಜಾಗಗಳ ನಡುವೆ ಅಳೆದರೆ ಸುಮಾರು 30 ವೋಲ್ಟ್ ಅಂತರ. ಗ್ರಿಡ್ ಅರ್ಧ ವೋಲ್ಟ್ ಕದಲಿದರೆ ಆನೋಡ್ 30 ವೋಲ್ಟ್ ಕದಲುತ್ತದೆ. ಅಂದರೆ ಆ ಹಂತ ಸಿಗ್ನಲನ್ನು 60 ಪಟ್ಟು ಹಿಗ್ಗಿಸುತ್ತದೆ. ಮ್ಯೂ 100 ಇದ್ದರೂ ನಮಗೆ ಸಿಗುವುದು 60ರ ಆಸುಪಾಸು. ವಾಲ್ವಿನ ಒಳಗೂ ಒಂದು ರೆಸಿಸ್ಟೆನ್ಸ್ ಇದೆ, ಡೇಟಾಶೀಟ್ ಪ್ರಕಾರ 250 ವೋಲ್ಟ್‌ನಲ್ಲಿ 62.5 ಕಿಲೋಓಮ್. ಮಿಕ್ಕಿದ್ದು ಅಲ್ಲಿ ಹೋಗುತ್ತದೆ.

ಇನ್ನೂ ಒಂದು ಸಂಗತಿ ಕಂಡಿತು. ಗೆರೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಸಮ ಇಲ್ಲ. ಎಡಗಡೆ ಅಗಲ, ಬಲಗಡೆ ಹೋದಂತೆ ಇಕ್ಕಟ್ಟು. ಹಾಗಾಗಿ ಅಲೆಯ ಒಂದು ಬದಿ ಕೊಂಚ ಉದ್ದ, ಇನ್ನೊಂದು ಬದಿ ಕೊಂಚ ಗಿಡ್ಡ. ಮೂಲ ಸ್ವರದ ಜೊತೆ ಅದರ ಎರಡರಷ್ಟು ಫ್ರೀಕ್ವೆನ್ಸಿಯ, ಅಂದರೆ ಒಂದು ಸ್ಥಾಯಿ ಮೇಲಿನ ಸ್ವರ ತುಸು ಸೇರಿಕೊಳ್ಳುವುದು ಹೀಗೆ. ವಾಲ್ವ್ ದನಿ ಬೆಚ್ಚಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಒಂದು ದೊಡ್ಡ ಕಾರಣ ನನ್ನ ಗೋಡೆಯ ಮೇಲೆ ಸ್ಕೇಲಿನಲ್ಲಿ ಅಳೆಯುವಂತೆ ನಿಂತಿತ್ತು.

ಇನ್ನು ನನ್ನ ಆಂಪ್ಲಿಫೈಯರ್‌ನ ತೊಂದರೆ. ಮೊಬೈಲ್‌ನಿಂದ 200 ಹರ್ಟ್ಸ್‌ನ ಸ್ವರ ಕೊಟ್ಟು ಮಲ್ಟಿಮೀಟರ್‌ನಲ್ಲಿ ಅಳೆದೆ. ಗ್ರಿಡ್‌ಗೆ 0.1 ವೋಲ್ಟ್ ಕೊಟ್ಟರೆ ಆನೋಡ್‌ನಲ್ಲಿ 6 ಬರಬೇಕಿತ್ತು, ಬಂದದ್ದು 3. ಆಮೇಲೆ ಡಿಸಿ, ಅಂದರೆ ಸಿಗ್ನಲ್ ಇಲ್ಲದಾಗ ಒಂದೇ ಸಮ ನಿಂತಿರುವ ವೋಲ್ಟೇಜ್, ಅಳೆದೆ. ಆನೋಡ್ 165, ಕ್ಯಾಥೋಡ್ 1.3. ಗ್ರಾಫ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಅಂದರೆ ವಾಲ್ವ್ ಚೆನ್ನಾಗಿದೆ, ರೆಸಿಸ್ಟರ್‌ಗಳು ಚೆನ್ನಾಗಿವೆ. ಡಿಸಿಯಲ್ಲಿ ಕಾಣದೆ ಸಿಗ್ನಲ್‌ನಲ್ಲಿ ಮಾತ್ರ ಕಾಣುವ ತಪ್ಪು ಯಾವುದು? ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಂಡು, ಡಿಸಿಯನ್ನು ತಡೆದು ಸಿಗ್ನಲ್‌ಗೆ ಮಾತ್ರ ದಾರಿ ಬಿಡುವ ಭಾಗ.

ಕ್ಯಾಥೋಡ್‌ಗೆ ಹಾಕುವ 1.5 ಕಿಲೋಓಮ್ ರೆಸಿಸ್ಟರ್ ಒಂದು ಒಳ್ಳೆಯ ಏರ್ಪಾಟು. ಕರೆಂಟ್ ಜಾಸ್ತಿಯಾದರೆ ಕ್ಯಾಥೋಡ್ ವೋಲ್ಟೇಜ್ ಏರುತ್ತದೆ, ಅದಕ್ಕೆ ಹೋಲಿಸಿದರೆ ಗ್ರಿಡ್ ಇನ್ನಷ್ಟು ನೆಗೆಟಿವ್ ಆಗುತ್ತದೆ, ಕರೆಂಟ್ ತಾನೇ ಇಳಿಯುತ್ತದೆ. ಆದರೆ ಅದು ಸಿಗ್ನಲನ್ನೂ ಹಾಗೇ ಹಿಡಿದೆಳೆಯುತ್ತದೆ. ಹಾಗಾಗಬಾರದು ಅಂತ ಪಕ್ಕದಲ್ಲಿ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಸಿಗ್ನಲ್‌ಗೆ ಬೇರೆ ದಾರಿ ಮಾಡಿಕೊಡುತ್ತಾರೆ. ಆ ಕೆಪಾಸಿಟರ್ ಇಲ್ಲದಿದ್ದರೆ 60 ಪಟ್ಟು ಇದ್ದದ್ದು 30ರ ಹತ್ತಿರಕ್ಕೆ ಇಳಿಯುತ್ತದೆ. ಸರಿಯಾಗಿ ನನ್ನ ಲೆಕ್ಕ! ಬುರುಡೆ ದೀಪ ಹತ್ತಿರ ಹಿಡಿದು ನೋಡಿದೆ. ಕೆಪಾಸಿಟರ್‌ನ ಒಂದು ಕಾಲಿಗೆ ಬೆಸುಗೆ ಕೂತೇ ಇರಲಿಲ್ಲ, ಬರೀ ತಾಗಿದಂತೆ ಕಾಣುತ್ತಿತ್ತು. ಸೋಲ್ಡರಿಂಗ್ ಐರನ್ ಇಟ್ಟು ಎರಡು ಸೆಕೆಂಡಿನಲ್ಲಿ ಸರಿ ಮಾಡಿದೆ. ಮೂರು ವಾಲ್ವ್ ತರಿಸಿ ಆಗದ ಕೆಲಸ ಒಂದು ಗ್ರಾಫ್‌ನಿಂದ ಆಯಿತು.

ಥಿಯರಿ ಬೇಕು ಅನ್ನುವುದಕ್ಕೆ ವಾಲ್ವಿನ ಚರಿತ್ರೆಯೇ ಸಾಕ್ಷಿ. 1904ರಲ್ಲಿ ಫ್ಲೆಮಿಂಗ್ ಕ್ಯಾಥೋಡ್ ಮತ್ತು ಆನೋಡ್ ಎರಡೇ ಇರುವ ವಾಲ್ವ್ ಮಾಡಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಗ್ರಿಡ್ ಸೇರಿಸಿದರು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಡಿ ಫಾರೆಸ್ಟ್ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಒಳಗೆ ಸ್ವಲ್ಪ ಅನಿಲ ಉಳಿದಿರಬೇಕು ಅಂತ ಅವರು ನಂಬಿದ್ದರು. ಆ ಅನಿಲವೇ ತೊಂದರೆ ಅಂತ ಅರ್ಥ ಮಾಡಿಕೊಂಡು ಗಾಳಿಯನ್ನು ಚೆನ್ನಾಗಿ ತೆಗೆದವರು ಲ್ಯಾಂಗ್‌ಮ್ಯೂರ್ ಮತ್ತು ಆರ್ನಾಲ್ಡ್ ಅನ್ನುವ ವಿಜ್ಞಾನಿಗಳು. ಆಮೇಲೆಯೇ ವಾಲ್ವ್ ನಂಬಿಕೆಯ ವಸ್ತು ಆಯಿತು. 1915ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಟೆಲಿಫೋನ್ ಮಾತು ತಲುಪಿದ್ದು ಅಂಥ ವಾಲ್ವ್‌ಗಳ ಬಲದಿಂದ.

ಥಿಯರಿಯಿಂದಲೇ ಎಲ್ಲ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹೀಟರ್ ತಂತಿಗಳನ್ನು ಒಂದಕ್ಕೊಂದು ಹೆಣೆಯುವುದು, ಗ್ರಿಡ್ ತಂತಿಯನ್ನು ಆದಷ್ಟು ಗಿಡ್ಡ ಇಡುವುದು, ಅರ್ಥಿಂಗ್ ಎಲ್ಲಿ ಕೂಡಿಸಬೇಕು ಅನ್ನುವುದು, ಇವು ಕೈಗೆ ಕೆಲಸದಿಂದಲೇ ಬರಬೇಕು. ನನ್ನದರಲ್ಲಿ ಇನ್ನೂ ಕಿವಿ ಹತ್ತಿರ ಇಟ್ಟರೆ ಗುಂಯ್ ಅನ್ನುವ ಸದ್ದು ಸ್ವಲ್ಪ ಕೇಳುತ್ತದೆ. ಅದರ ಬೆನ್ನು ಹತ್ತಿದ್ದೇನೆ.

ಆದರೆ ಪ್ರಾಣದ ವಿಷಯದಲ್ಲಿ ಥಿಯರಿ ಬೇಕೇ ಬೇಕು, ಸಂಪಾದಕರೇ. ಲೇಖನದಲ್ಲಿ ನನಗೆ ನಿಜವಾಗಿ ಭಯವಾದದ್ದು ಇಲ್ಲಿ. ಪವರ್ ಸಪ್ಲೈ ಕೆಪಾಸಿಟರ್ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ 250 ವೋಲ್ಟ್ ಅಂತ ಬರೆದಿರುತ್ತದೆ. ಅದು ಎಸಿ, ಅದರ ಅಲೆಯ ತುದಿ ಇನ್ನೂ ಎತ್ತರ. ಎಸಿಯನ್ನು ಡಿಸಿ ಮಾಡುವ ಡಯೋಡ್ ದಾಟಿ ಕೆಪಾಸಿಟರ್ ತುಂಬಿದಾಗ, ಕರೆಂಟ್ ಎಳೆಯುವ ಲೋಡ್ ಏನೂ ಇಲ್ಲದಿದ್ದರೆ, 350 ವೋಲ್ಟ್ ದಾಟುತ್ತದೆ. 300 ವೋಲ್ಟ್‌ನ ಕೆಪಾಸಿಟರ್ ಹಾಕಿದವರ ಗತಿ ಯೋಚಿಸಿ. ಒಂದು ಸಲ ನಾನು ವಾಲ್ವ್‌ಗಳನ್ನು ತೆಗೆದಿಟ್ಟು ಸಪ್ಲೈ ಮಾತ್ರ ಪರೀಕ್ಷೆ ಮಾಡಿದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಬಂದೆ. ಅಭ್ಯಾಸದಿಂದ ಮೀಟರ್ ಇಟ್ಟೆ. 200 ವೋಲ್ಟ್‌ಗಿಂತ ಜಾಸ್ತಿ ಇತ್ತು! ವಾಲ್ವ್ ಇಲ್ಲದೆ ಅದು ಖಾಲಿಯಾಗಲು ದಾರಿಯೇ ಇರಲಿಲ್ಲ. ಸುಮ್ನೆ ಬೆರಳು ಇಟ್ಟಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಅವತ್ತೇ ಆ 100 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕಿಲೋಓಮ್‌ನ 2 ವಾಟ್ ರೆಸಿಸ್ಟರ್ ಹಾಕಿದೆ. ಈಗ ಎರಡು ನಿಮಿಷದಲ್ಲಿ ಹೆಚ್ಚುಕಮ್ಮಿ ಪೂರ್ತಿ ಇಳಿಯುತ್ತದೆ. ಆದರೂ ಮೀಟರ್ ಇಟ್ಟು ನೋಡದೆ ಒಳಗೆ ಕೈ ಹಾಕುವುದಿಲ್ಲ. ಕರೆಂಟ್ ಇರುವಾಗ ಅಳೆಯಬೇಕಾದರೆ ಒಂದು ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಎರಡೂ ಕೈ ತಾಗಿದರೆ ಕರೆಂಟ್ ಎದೆಯ ಮೂಲಕ ಹಾದುಹೋಗುತ್ತದೆ. ಸ್ಪೀಕರ್ ಕಳಚಿ ಆಂಪ್ಲಿಫೈಯರ್ ಓಡಿಸಬಾರದು ಅನ್ನುವುದನ್ನೂ ಸೇರಿಸಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಒಳಗಿನ ಸುತ್ತುಗಳೇ ಸುಟ್ಟುಹೋಗಬಹುದು.

ನನ್ನ ಕೋರಿಕೆ ಎರಡು. ಕೆಪಾಸಿಟರ್ ಬಗೆಗಿನ ಎಚ್ಚರಿಕೆಯನ್ನು ಮುಂದಿನ ಭಾನುವಾರವೇ, ಅದೇ ಪುಟದಲ್ಲಿ, ಎದ್ದುಕಾಣುವಂತೆ ಹಾಕಿ. ಲೇಖನ ಓದಿ ಯಾರಾದರೂ ಆಗಲೇ ಕೆಲಸ ಶುರು ಮಾಡಿರಬಹುದು. ಇನ್ನೊಂದು, ಲೋಡ್ ಲೈನ್ ಎಳೆಯುವುದನ್ನು ಕನ್ನಡದಲ್ಲಿ, ಚಿತ್ರದ ಸಮೇತ ಒಂದು ಕಂತಿನಲ್ಲಿ ವಿವರಿಸಿ. ಸೂತ್ರ ಕಂಡು ಹಿಂಜರಿದವರಿಗೆ ಆ ಒಂದು ಗೆರೆ ಎಷ್ಟು ಧೈರ್ಯ ಕೊಡುತ್ತದೆ ಅಂತ ನನಗೆ ಗೊತ್ತು.

ನನ್ನ ಗೋಡೆಯ ಗ್ರಾಫನ್ನು ಹೊಸ ಹಾಳೆಯಲ್ಲಿ ಬರೆದು, ಲೋಡ್ ಲೈನ್ ಎಳೆದು, 165 ವೋಲ್ಟ್‌ನ ಜಾಗದಲ್ಲಿ ಕೆಂಪು ಚುಕ್ಕೆ ಇಟ್ಟು ಈ ಪತ್ರದ ಜೊತೆ ಕಳಿಸಿದ್ದೇನೆ. ಅಳತೆ ಸರಿಯಾಗಿದೆ, ಹಾಗೇ ಅಚ್ಚು ಮಾಡಬಹುದು.

ವಿಶ್ವಾಸದಿಂದ,
ನಿವೃತ್ತ ಡ್ರಾಫ್ಟ್ಸ್‌ಮನ್, ನಿಮ್ಮ ಹಳೆಯ ಓದುಗ